ತುಳಿದದ್ದು ಬ್ರೇಕನ್ನೇ

ಸರ್ಕಾರ ನನಗೆ ಕೊಟ್ಟಿದ್ದ ಹುದ್ದೆಯ ಹೆಸರು ಮಾರುದ್ದ ಇತ್ತು. ಜನರ ಬಾಯಲ್ಲಿ ಮಾತ್ರ ನಾನು ಬ್ರೇಕ್ ಇನ್ಸ್‌ಪೆಕ್ಟರ್. ಗಾಡಿಗೆ ಎಂಜಿನ್ ಇದೆ, ದೀಪ ಇದೆ, ಹಾರನ್ ಇದೆ, ಅದನ್ನೆಲ್ಲ ನೋಡುವವನೂ ನಾನೇ. ಆದರೆ ಜನರ ಕಣ್ಣಿಗೆ ಬಿದ್ದದ್ದು ಬ್ರೇಕೊಂದೇ. ಮೊದಮೊದಲು ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಯಾವುದಕ್ಕೆ ಬರುತ್ತಿರಲಿಲ್ಲ ಹೇಳಿ! ಕಾಫಿ ಆರಿದರೆ ಬರುತ್ತಿತ್ತು, ಬಸ್ಸಿನ ಕಂಡಕ್ಟರ್ ಹಲ್ಲು ಕಿರಿದರೆ ಬರುತ್ತಿತ್ತು. "ಊರ ಗಾಡಿಗಳ ಬ್ರೇಕು ನೋಡ್ತೀರಿ, ನಿಮ್ಮ ಬಾಯಿಗೊಂದು ಬ್ರೇಕು ಹಾಕಿಸ್ಕೊಳ್ಳಿ" ಅಂತ ನನ್ನ ಹೆಂಡತಿ ಹಂಗಿಸುತ್ತಿದ್ದಳು.

ನಾನು ಮೈಸೂರು ಕಡೆಯವನು. ದಾವಣಗೆರೆಗೆ ವರ್ಗವಾಗಿ ಬಂದದ್ದು ಐವತ್ತರ ದಶಕ ಮುಗಿಯುತ್ತಿದ್ದಾಗ. ಹತ್ತಿ ಗಿರಣಿಗಳ ಊರು. ಗಿರಣಿಗೆ ಲಾರಿ, ಸಾಹುಕಾರರಿಗೆ ಕಾರು, ಉಳಿದವರಿಗೆಲ್ಲ ಎತ್ತಿನ ಗಾಡಿ, ಟಾಂಗಾ, ಸೈಕಲ್ಲು. ಇವೆಲ್ಲ ಒಂದೇ ರಸ್ತೆಯಲ್ಲಿ ನುಗ್ಗುತ್ತಿದ್ದವು. ದಾವಣಗೆರೆಯಲ್ಲಾಗಲಿ ಪಕ್ಕದ ಹರಿಹರದಲ್ಲಾಗಲಿ ಕಾರು ಎಲ್ಲಾದರೂ ಗುದ್ದಿದರೆ ಪೊಲೀಸರು ಅದನ್ನು ಠಾಣೆ ಮುಂದೆ ನಿಲ್ಲಿಸಿ ನನಗೆ ಹೇಳಿ ಕಳಿಸುತ್ತಿದ್ದರು. ತಪ್ಪು ಗಾಡಿಯದೋ ಓಡಿಸಿದವನದೋ ನಾನು ನೋಡಿ ಹೇಳಬೇಕು. ಗುದ್ದಿದ ಡ್ರೈವರ್ ಯಾರೇ ಇರಲಿ, ಹೇಳುವ ಮಾತು ಒಂದೇ. "ಬ್ರೇಕ್ ಹಿಡೀಲಿಲ್ರಿ." ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಒಂದು ಬೇಸಿಗೆಯಲ್ಲಿ ಹರಿಹರದಿಂದ ಕರೆ ಬಂದಾಗಲೂ ಅದೇ ಮಾತು. ಕಾರು ದಾವಣಗೆರೆಯ ಒಬ್ಬ ಸಾಹುಕಾರರದು. ಅವರ ಮಗಳ ಮದುವೆ ಆಗಿ ಹುಡುಗಿಯನ್ನು ಹರಿಹರದ ಗಂಡನ ಮನೆಗೆ ಕಳಿಸುವ ದಿನ. ಮದುಮಗಳು ಹಿಂದಿನ ಸೀಟಿನಲ್ಲಿ, ಪಕ್ಕದಲ್ಲಿ ಸೋದರತ್ತೆ. ಹರಿಹರದ ಬಜಾರಿನಲ್ಲಿ ಒಂದು ಎಮ್ಮೆಗರು ಅಡ್ಡ ಬಂದಿದೆ. ಕಾರು ನಿಲ್ಲುವುದರ ಬದಲು ಮುಂದಕ್ಕೆ ನೆಗೆದಿದೆ. ಎಮ್ಮೆಗರು ತಪ್ಪಿಸಿಕೊಂಡು ಹೋಯಿತು. ಕಾರು ಹೋಗಿ ಅಂಗಡಿ ಮುಂದೆ ಎತ್ತು ಬಿಚ್ಚಿ ಕಟ್ಟಿ ನಿಲ್ಲಿಸಿದ್ದ ಮಂಡಕ್ಕಿ ಗಾಡಿಗೆ ಗುದ್ದಿತು. ಪುಣ್ಯಕ್ಕೆ ಮಂಡಕ್ಕಿ ಚೀಲಗಳು. ಜೋಳದ ಚೀಲಗಳಾಗಿದ್ದರೆ ಕಥೆಯೇ ಬೇರೆ. ಒಳಗಿದ್ದವರಿಗೆ ಒಂದು ಗಾಯವಿಲ್ಲ. ಗಾಡಿಯ ಮೂಕಿಯ ಮೇಲೆ ಬೀಡಿ ಸೇದುತ್ತಾ ಕೂತಿದ್ದ ಗಾಡಿಯವನು ಮಾತ್ರ ಕೆಳಗೆ ಬಿದ್ದು ಭುಜದ ಮೂಳೆ ಮುರಿದುಕೊಂಡ. ನಾನು ಹೋಗುವ ಹೊತ್ತಿಗೂ ರಸ್ತೆಯಲ್ಲಿ ಮಂಡಕ್ಕಿ ಹಾಸಿತ್ತು. ಊರ ಆಡುಗಳಿಗೆಲ್ಲ ಹಬ್ಬ.

ಡ್ರೈವರ್ ಠಾಣೆಯ ಕಟ್ಟೆ ಮೇಲೆ ಕೂತಿದ್ದ. ಐವತ್ತರ ಆಸುಪಾಸು, ತೆಳ್ಳನೆ ಆಳು, ಬಿಳಿ ಅಂಗಿ. ಮದುವೆಗೆಂದು ಸುತ್ತಿದ್ದ ಪೇಟವನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ನಾನು ಮೊದಲು ಹತ್ತಿರ ಹೋಗಿ ಮೂಸಿ ನೋಡಿದೆ. ಅದು ನನ್ನ ಪದ್ಧತಿ. ವೀಳ್ಯದೆಲೆಯ ವಾಸನೆ ಬಿಟ್ಟು ಇನ್ನೇನೂ ಇಲ್ಲ.

"ಏನಯ್ಯಾ, ಬ್ರೇಕ್ ಹಿಡೀಲಿಲ್ಲ, ಅಲ್ವಾ?" ಅಂದೆ, ಅವನು ಬಾಯಿ ತೆರೆಯುವ ಮೊದಲೇ.

"ತುಳಿದೆ ಸಾಹೇಬ್ರ. ಬ್ರೇಕನ್ನೇ ತುಳಿದೆ. ತುಳಿದಂಗೆಲ್ಲ ಮುಂದಕ್ಕ ಹೋತು ಹಾಳಾದ್ದು."

ಕಾರಿನಲ್ಲಿ ಕೂತು ಬ್ರೇಕು ಒತ್ತಿ ನೋಡಿದೆ. ಕಲ್ಲಿನಂತೆ ಗಟ್ಟಿ. ಎಣ್ಣೆ ಸೋರಿಲ್ಲ. ಮುಂದಿನ ಬಂಪರ್ ನುಗ್ಗಾಗಿತ್ತು, ಅಷ್ಟೇ. ರಸ್ತೆಗೆ ತೆಗೆದುಕೊಂಡು ಹೋಗಿ ಜೋರಾಗಿ ಓಡಿಸಿ ತುಳಿದರೆ ನನ್ನ ಹಣೆ ಗಾಜಿಗೆ ಬಡಿಯುವಷ್ಟು ಚೆನ್ನಾಗಿ ಹಿಡಿಯಿತು. ಮೈ ಉರಿದುಹೋಯಿತು. ವಾಪಸು ಬಂದವನೇ "ಸುಳ್ಳು ಬೊಗಳಬೇಡ" ಎಂದು ಕೂಗಾಡಿದೆ. ಅವನು ತಲೆ ತಗ್ಗಿಸಲಿಲ್ಲ, ಎದುರಾಡಲೂ ಇಲ್ಲ. "ನಾ ತುಳಿದದ್ದು ಬ್ರೇಕನ್ನೇರಿ" ಅಂದ, ಮೊದಲು ಹೇಳಿದಷ್ಟೇ ಮೆಲ್ಲಗೆ. ಸುಳ್ಳು ಹೇಳುವವರನ್ನು ನಾನು ಕಂಡವನು. ಕೂಗಿದರೆ ಅವರು ಮಾತು ಬದಲಿಸುತ್ತಾರೆ, ಇಲ್ಲವೇ ನಮಗಿಂತ ಜೋರಾಗಿ ಕೂಗುತ್ತಾರೆ. ಇವನು ಎರಡೂ ಮಾಡಲಿಲ್ಲ.

ವಿಷಯ ಇಷ್ಟಕ್ಕೇ ನಿಂತಿದ್ದರೆ ನಾನು 'ಬ್ರೇಕು ಸರಿ ಇದೆ' ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ಮದುವೆಗೆ ಎರಡು ದಿನ ಮುಂಚೆ ಆ ಕಾರಿನ ಬ್ರೇಕನ್ನು ಬಿಚ್ಚಿ ರಿಪೇರಿ ಮಾಡಿದವನೊಬ್ಬನಿದ್ದ. ದಾವಣಗೆರೆಯ ಒಬ್ಬ ಸಾಬಿ ಮೆಕ್ಯಾನಿಕ್ಕು. ಡ್ರೈವರೂ ಅವನೂ ಹುಡುಗರಾಗಿದ್ದಾಗಿನಿಂದ ಜೊತೆಗಾರರು. ಒಬ್ಬರ ಮನೆಯ ಹಬ್ಬದ ಅಡಿಗೆ ಇನ್ನೊಬ್ಬರ ಮನೆಗೆ ಹೋಗದೆ ಇರುತ್ತಿರಲಿಲ್ಲ. ಈಗ ಇವನು 'ಬ್ರೇಕು ಹಿಡಿಯಲಿಲ್ಲ' ಅಂದರೆ ಅದರರ್ಥ 'ಅವನು ರಿಪೇರಿ ಕೆಡಿಸಿದ' ಅಂತ.

ಅತ್ತ ಹರಿಹರದ ಬೀಗರ ಮನೆಯಲ್ಲಿ ಗುಸುಗುಸು ಶುರುವಾಗಿತ್ತು. ಮದುಮಗಳು ಊರಿಗೆ ಕಾಲಿಡುವ ಮೊದಲೇ ಒಬ್ಬನ ಮೂಳೆ ಮುರಿಯಿತು, ಕಾಲ್ಗುಣ ಹೆಂಗೋ ಏನೋ ಎಂದು. ಹೆಣ್ಣು ಹೆತ್ತ ಸಾಹುಕಾರರ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ತಪ್ಪು ಯಾರದೋ ಒಬ್ಬರದು ಅಂತ ಎಲ್ಲರೆದುರು ಆಗಿಬಿಟ್ಟರೆ ಮಗಳ ಮೇಲಿನ ಮಾತು ಹೋಗುತ್ತದೆ ಎಂದು ಅವರು ಒಂದು ತೀರ್ಮಾನಕ್ಕೆ ಬಂದರು. ಬರುವ ಸೋಮವಾರ ಹರಿಹರದ ದೇವಸ್ಥಾನದಲ್ಲಿ, ಬೀಗರ ಎದುರು, ಡ್ರೈವರ್ ಕರ್ಪೂರ ಆರಿಸಿ ಆಣೆ ಮಾಡಬೇಕು. ಉರಿಯುವ ಕರ್ಪೂರವನ್ನು ಅಂಗೈಯಿಂದ ಮುಚ್ಚಿ ಆರಿಸಿ, ತಾನು ತುಳಿದದ್ದು ಬ್ರೇಕನ್ನೇ ಎಂದು ಹೇಳಬೇಕು. ಹೇಳಿದರೆ ತಪ್ಪು ಮೆಕ್ಯಾನಿಕ್ಕಿನದು. ಆಮೇಲೆ ಊರಿನ ಯಾವ ಗಿರಣಿಯ ಲಾರಿಯೂ ಯಾವ ಸಾಹುಕಾರರ ಕಾರೂ ಅವನ ಗ್ಯಾರೇಜಿಗೆ ಹೋಗುವುದಿಲ್ಲ. ಅಂದರೆ ಬಾಗಿಲು ಹಾಕಿಕೊಂಡಂತೆಯೇ.

ನಾನು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ಕು ಒಂದು ಲಾರಿಯ ಕೆಳಗಿನಿಂದ ತೆವಳಿಕೊಂಡು ಹೊರಗೆ ಬಂದ. ದಪ್ಪ ಮೀಸೆ, ಮೊಣಕೈವರೆಗೂ ಕಪ್ಪು ಗ್ರೀಸು.

"ಆಣೆ ವಿಷಯ ಕೇಳಿದೆಯೇನಯ್ಯಾ?"

"ಕೇಳೀನಿ ಸಾಬ್. ಒಪ್ಪೀನಿ."

"ಒಪ್ಪೀನಿ ಅಂದ್ರೆ? ನಿನ್ನ ಬ್ರೇಕು ಸರಿ ಇದೆ ಕಣಯ್ಯಾ! ನಾನೇ ನೋಡಿದೀನಿ!"

"ಸರಿ ಐತೆ ಅಂತ ನಂಗೂ ಗೊತ್ತೈತಿ. ಆದ್ರೆ ಅವ್ನು ಸುಳ್ಳು ಹೇಳೋನಲ್ಲ. ಅವ್ನ ಕೈ ಕರ್ಪೂರದ ಮ್ಯಾಲೆ ಹೋತು ಅಂದ್ರೆ, ನಾ ಬೀಗ ಹಾಕ್ಕೊಂಡು ಹೋಗ್ತೀನಿ. ಮತ್ತ ಮಾತಿಲ್ಲ."

ಎಂಥಾ ಜನ ಇವರು ಅನ್ನಿಸಿತು ನನಗೆ! ಒಬ್ಬ ಸುಳ್ಳನ್ನು ನಿಜ ಅಂತ ನಂಬಿ ದೇವರ ಮುಂದೆ ನಿಲ್ಲುವುದಕ್ಕೆ ಹೊರಟಿದ್ದಾನೆ. ಇನ್ನೊಬ್ಬ ನಿಜ ಗೊತ್ತಿದ್ದೂ ಸ್ನೇಹಿತನ ಮಾತಿಗೆ ತನ್ನ ಅನ್ನವನ್ನೇ ಬಿಡಲು ಕೂತಿದ್ದಾನೆ. ಇಬ್ಬರಿಗೂ ಎರಡೆರಡು ಬಿಡೋಣ ಅನ್ನಿಸಿತು. ಮನೆಗೆ ಬಂದು ಊಟ ಸೇರಲಿಲ್ಲ. ಹೆಂಡತಿ "ಯಾರ ಮೇಲೆ ಸಿಟ್ಟು?" ಅಂತ ಕೇಳಿದಳು. ಯಾರ ಮೇಲೆ ಅಂತ ನನಗೇ ಗೊತ್ತಿರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಮಂಡಕ್ಕಿ ಗಾಡಿಯವನನ್ನು ಕಂಡೆ. ಭುಜಕ್ಕೆ ಪಟ್ಟಿ ಸುತ್ತಿಸಿಕೊಂಡು ಕೂತಿದ್ದ. ಡ್ರೈವರ್ ಕೊಟ್ಟು ಹೋದ ಬಾಳೆಹಣ್ಣು ತಲೆದಿಂಬಿನ ಪಕ್ಕದಲ್ಲಿತ್ತು.

"ಕಾರು ಬಂದಾಗ ನೀನು ಏನು ನೋಡಿದೆ?"

"ನೋಡೋದೇನ್ರಿ, ಕೇಳಿದ್ದು. ಗುರ್ರ್ ಅಂತ ಗುಡುಗಿದಂಗೆ ಬಂತ್ರಿ. ಎತ್ತುಗಳು ಹಗ್ಗ ಹರಕೊಂಡು ಓಡಿಬಿಟ್ವು."

ಆಗ ನನ್ನ ದಡ್ಡ ತಲೆಗೆ ಬೆಳಕು ಬಿತ್ತು. ಬ್ರೇಕು ಹಿಡಿಯದ ಗಾಡಿ ಗುಡುಗುವುದಿಲ್ಲ. ಅದು ಸುಮ್ಮನೆ ಉರುಳಿಕೊಂಡು ಹೋಗುತ್ತದೆ. 'ತುಳಿದಂಗೆಲ್ಲ ಮುಂದಕ್ಕ ಹೋತು' ಎಂದು ಡ್ರೈವರ್ ಮೊದಲ ದಿನವೇ ಹೇಳಿದ್ದ, ನಾನು ಕೂಗಾಡುವ ಭರದಲ್ಲಿ ಕೇಳಿಸಿಕೊಂಡಿರಲಿಲ್ಲ. ಅವನ ಕಾಲು ಇದ್ದದ್ದು ಎಕ್ಸಲೇಟರ್ ಮೇಲೆ. ಬ್ರೇಕು ಅಂತ ತಿಳಿದು ಅದನ್ನು ತುಳಿದಿದ್ದಾನೆ. ಗಾಡಿ ನಿಲ್ಲದ್ದರಿಂದ ಇನ್ನೂ ಬಲವಾಗಿ ತುಳಿದಿದ್ದಾನೆ. ಹೊಸಬರು ಹೀಗೆ ಮಾಡುವುದನ್ನು ಕಂಡಿದ್ದೆ. ಆದರೆ ಇವನು ಆ ಹುಡುಗಿಯನ್ನು ಮೊದಲ ದಿನ ಶಾಲೆಗೆ ಬಿಟ್ಟು ಬಂದವನು, ಇದೇ ಕಾರಿನಲ್ಲಿ. ಅವನ ಕಾಲಿಗೆ ಆ ದಿನ ಏನಾಗಿತ್ತು?

ಶನಿವಾರ ಕಾರನ್ನೂ ಅವನನ್ನೂ ಕರೆದುಕೊಂಡು ಶಾಮನೂರು ಕಡೆಯ ಬಯಲಿಗೆ ಹೋದೆ. ಶಾಮನೂರು ಆಗಿನ್ನೂ ಹಳ್ಳಿ. ಕೊಯ್ಲು ಮುಗಿದ ಹೊಲಗಳ ಆಚೆ ದನ ಮೇಯುವ ಬೋಳು ನೆಲ. ಅವನು ಚಪ್ಪಲಿಯನ್ನು ಕಾರಿನ ಹೊರಗೆ ಬಿಟ್ಟ, ಚಕ್ರವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ, ಬರಿಗಾಲಲ್ಲಿ ಹತ್ತಿ ಕೂತ. ಅದು ಆ ಕಡೆಯ ಹಳೇ ಡ್ರೈವರ್‌ಗಳ ಪದ್ಧತಿ. ಆಯುಧಪೂಜೆಯ ದಿನ ಕುಂಕುಮ ಹಚ್ಚಿ ಪೂಜೆ ಮಾಡುವ ಗಾಡಿಯನ್ನು ಮೆಟ್ಟು ಹಾಕಿಕೊಂಡು ತುಳಿಯಬಾರದು ಎಂದು. ನಾನು ಪಕ್ಕದಲ್ಲಿ ಕೂತು, ಅವನಿಗೆ ಅಂದಾಜು ಸಿಗದಂತೆ ಒಮ್ಮೊಮ್ಮೆ "ನಿಲ್ಸು!" ಎಂದು ಅರಚಿದೆ. ಪ್ರತಿ ಸಲವೂ ಕಾರು ಗಕ್ಕನೆ ನಿಂತಿತು. ಮಾತಾಡುತ್ತಾ ಮಾತಾಡುತ್ತಾ ಅರಚಿದೆ. ಆಗಲೂ ನಿಂತಿತು. ನನ್ನ ಗಂಟಲು ಕೆಟ್ಟಿತೇ ಹೊರತು ಅವನ ಕಾಲು ಒಂದು ಸಲವೂ ತಪ್ಪಲಿಲ್ಲ.

"ನೋಡದೆ ಹೆಂಗಯ್ಯಾ ಗೊತ್ತಾಗತ್ತೆ ನಿಂಗೆ?"

"ಬ್ರೇಕಿನ ಮ್ಯಾಲೆ ರಬ್ಬರ್ ಐತಲ್ರೀ, ಅದರ ಗೀರು ಕಾಲಿಗೆ ಹತ್ತತಾವೆ. ಎಕ್ಸಲೇಟರು ನುಣ್ಣಗ, ತಣ್ಣಗ ಇರ್ತೈತೆ. ಅಂಗಾಲಿಗೆ ತಿಳಿದೇ ಹೋಗ್ತೈತೇನ್ರಿ?"

ಸೋತು ಒಂದು ಬೇವಿನ ಮರದ ಕೆಳಗೆ ಕೂತೆ. ಅವನೂ ಕೂತು ಚಪ್ಪಲಿ ಮೆಟ್ಟಲು ಕಾಲು ಚಾಚಿದ. ಎರಡೂ ಹಿಮ್ಮಡಿಗಳ ಮೇಲೆ ಒಣಗುತ್ತಿದ್ದ ಬೊಕ್ಕೆಗಳು.

"ಏನಯ್ಯಾ ಅದು?"

"ಏನಿಲ್ರೀ. ಕಚ್ಚೈತೆ."

"ಏನು ಕಚ್ಚಿದ್ದು? ಹಾವೇ?"

ಅವನು ಚಾಚಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಹಿಮ್ಮಡಿಯನ್ನು ಹಾಗೆ ಕಚ್ಚುವ ವಸ್ತು ಲೋಕದಲ್ಲಿ ಒಂದೇ. "ಬೂಟು ಹಾಕಿದ್ದೆಯಾ ಆವತ್ತು?" ಅಂದೆ. ಚಪ್ಪಲಿಯ ಧೂಳು ಕೊಡವತೊಡಗಿದ. "ಹಾಕ್ಕೊಂಡೇ ಓಡಿಸಿದೆಯಾ?" ಹೌದೆಂದು ತಲೆ ಆಡಿಸಿದ.

ಬೂಟು ಆ ಮದುಮಗಳೇ ಕೊಟ್ಟದ್ದಂತೆ. ಚಿಕ್ಕಂದಿನಿಂದ 'ಕಾಕಾ, ಕಾಕಾ' ಅಂತ ಇವನ ಬೆನ್ನು ಬಿದ್ದೇ ಬೆಳೆದ ಹುಡುಗಿ. ಸೀರೆ, ಒಡವೆ ತರಲು ಬೆಂಗಳೂರಿಗೆ ಹೋದಾಗ ಅಪ್ಪನಿಗೂ ಹೇಳದೆ ಇವನಿಗೊಂದು ಜೊತೆ ಕರೀ ಬೂಟು ತಂದಿದ್ದಾಳೆ. "ಎಲ್ಲರೂ ಚಂದ ಕಾಣೋ ದಿನ ನೀನೊಬ್ಬನೇ ಬರಿಗಾಲಲ್ಲಿ ಇರಬ್ಯಾಡ ಕಾಕಾ. ನನ್ನ ಗಂಡನ ಮನೆ ಮುಂದ ಬೂಟು ಹಾಕ್ಕೊಂಡೇ ಇಳೀಬೇಕು" ಅಂದಿದ್ದಾಳೆ. ಹುಟ್ಟಿದಾರಭ್ಯ ಇವನು ಬೂಟು ಹಾಕಿದವನಲ್ಲ. ಆ ದಿನ ಮನಸ್ಸಿನಲ್ಲೇ ಗಾಡಿಗೆ ಕೈ ಮುಗಿದು, ತಪ್ಪಾಯ್ತು ಎಂದು ಹೇಳಿ, ಬೂಟುಗಾಲಲ್ಲೇ ಹತ್ತಿದ್ದಾನೆ. ಗುದ್ದಿದ ಮೇಲೆ ಬಿಚ್ಚಿಟ್ಟಿದ್ದರಿಂದ ಠಾಣೆಯಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅವನ ಮನೆಯಿಂದ ಬೂಟು ತರಿಸಿದೆ. ಕಾಗದದಲ್ಲಿ ಸುತ್ತಿ ಜೋಪಾನ ಮಾಡಿದ್ದ. ಹೆಬ್ಬೆರಳಿನಷ್ಟು ದಪ್ಪದ ಅಟ್ಟೆ. ಹಾಕಿಸಿ ಮತ್ತೆ ಓಡಿಸಲು ಹೇಳಿದೆ. ಎರಡು ಸುತ್ತು ಸರಿಯಾಗಿಯೇ ಹೋಯಿತು. ಮೂರನೆಯ ಸುತ್ತಿಗೆ ನಾನು ಅರಚಲಿಲ್ಲ, ನನ್ನ ತಲೆಯ ಮೇಲಿನ ಟೋಪಿಯನ್ನು ತೆಗೆದು ಕಿಟಕಿಯಿಂದ ಕಾರಿನ ಮುಂದಕ್ಕೆ ಎಸೆದುಬಿಟ್ಟೆ.

ಕಾರು ಗುಡುಗಿತು. ಟೋಪಿಯ ಮೇಲೆ ಹತ್ತಿ ಮುಂದಕ್ಕೆ ನೆಗೆಯಿತು.

"ಬ್ರೇಕ್ ತುಳಿದೀನ್ರಿ! ತುಳಿದೀನ್ರಿ ಸಾಹೇಬ್ರ!" ಅವನು ಕೂಗುತ್ತಲೇ ಇದ್ದ. ಕಾಲು ಪೂರ್ತಿ ನೆಟ್ಟಿತ್ತು, ಕತ್ತಿನ ನರ ಉಬ್ಬಿತ್ತು. ನಾನು ಕೀಲಿಕೈ ತಿರುವಿ ಎಂಜಿನ್ ಆರಿಸಿ, ಕೈಬ್ರೇಕು ಎಳೆದೆ. ಕಾರು ಮುಗ್ಗರಿಸಿ ನಿಂತಿತು.

"ಕಾಲು ತೆಗೀಬೇಡ. ಅಲ್ಲೇ ಇಟ್ಟುಕೊಂಡು ಬಗ್ಗಿ ನೋಡು" ಅಂದೆ.

ಬಗ್ಗಿದ. ಬೂಟು ಎಕ್ಸಲೇಟರ್ ಮೇಲಿತ್ತು. ಅವನು ನೋಡಿದ, ನೋಡುತ್ತಲೇ ಇದ್ದ. ಆ ಕಾಲು ತನ್ನದು ಹೌದೋ ಅಲ್ಲವೋ ಎಂಬಂತೆ ಕೈಯಿಂದ ಮುಟ್ಟಿ ನೋಡಿಕೊಂಡ. ಆಮೇಲೆ ಸ್ಟೀರಿಂಗಿನ ಮೇಲೆ ತಲೆ ಇಟ್ಟು, "ಅಯ್ಯೋ ಶಿವನೇ, ಸೋಮವಾರ ಕರ್ಪೂರ ಆರಿಸ್ತಿದ್ನಲ್ಲೋ" ಎಂದು ಅತ್ತುಬಿಟ್ಟ. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಅಪ್ಪಚ್ಚಿಯಾದ ನನ್ನ ಟೋಪಿಯನ್ನು ಒಂದು ಆಡು ಮೂಸುತ್ತಿತ್ತು.

ಕಣ್ಣು ಒರೆಸಿಕೊಂಡು ಅವನು ಹೇಳಿದ: "ಸೋಮವಾರ ನನ್ನ ತಪ್ಪು ನಾ ಒಪ್ಕೊಂತೀನ್ರಿ. ಕಾಲು ತಪ್ಪಿತು ಅಂತ ಬರಕೊಳ್ರಿ. ಆದ್ರೆ ಬೂಟು ಅಂತ ಮಾತ್ರ ಬ್ಯಾಡ್ರಿ, ಕೈ ಮುಗಿತೀನಿ."

"ಯಾಕೆ ಬೇಡ? ಬೂಟಿನಿಂದಲೇ ಅಲ್ವೇನಯ್ಯಾ ಆದದ್ದು?"

"ಯಾರು ಕೊಟ್ಟದ್ದು ಅಂತ ಕೇಳ್ತಾರ್ರಿ. ಮೊದಲೇ ಕಾಲ್ಗುಣ ಅಂತಾರೆ. ಆ ಕೂಸು ಅಲ್ಲಿ ಬಾಳುವೆ ಮಾಡಬೇಕ್ರಿ."

"ನಿನ್ನ ಕೆಲಸ ಹೋದ್ರೆ?"

"ಹೋಗ್ಲಿ ಬಿಡ್ರಿ. ಯಾರ ಮ್ಯಾಲೂ ಹಾಕೋದು ಬ್ಯಾಡ."

ಸರ್ಕಾರದ ಕಾಗದ ಯಾರ ಮುಲಾಜಿಗೂ ಅಲ್ಲ ಎಂದು ಗದರಿದೆ. ಗದರಿದ್ದೇ ಬಂತು. 'ಬ್ರೇಕು ಸರಿ ಇದೆ, ಚಾಲಕನ ಕಾಲು ಬ್ರೇಕಿನ ಬದಲು ಎಕ್ಸಲೇಟರ್ ತುಳಿದದ್ದೇ ಅಪಘಾತಕ್ಕೆ ಕಾರಣ' ಎಂದು ಬರೆದೆ. ಕಾಲಿನಲ್ಲಿ ಏನಿತ್ತು ಎಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಲಿಲ್ಲ. ಬರೆದದ್ದರಲ್ಲಿ ಸುಳ್ಳಿಲ್ಲ, ಅದರ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ.

ಸೋಮವಾರ ದೇವಸ್ಥಾನದಲ್ಲಿ ಬೀಗರು ಒಂದು ಕಡೆ, ಸಾಹುಕಾರರು ಒಂದು ಕಡೆ. ಹೆಂಗಸರ ನಡುವೆ ಆ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಮೆಕ್ಯಾನಿಕ್ಕು ಹೊರಗೆ ಮೆಟ್ಟಿಲ ಹತ್ತಿರ ಟೋಪಿ ಹಾಕಿಕೊಂಡು ನಿಂತಿದ್ದ, ಕೈಯಲ್ಲಿ ಗ್ಯಾರೇಜಿನ ಬೀಗ. ನಿಜವಾಗಿಯೂ ಬೀಗ ತಂದಿದ್ದ ಕಣ್ರೀ ಮಹರಾಯ! ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ಡ್ರೈವರ್ ಮುಂದೆ ಬಂದ. ಕೈ ಚಾಚಲಿಲ್ಲ, ಮುಗಿದ.

"ನಾ ಬ್ರೇಕು ಅಂತ ತಿಳಕೊಂಡು ಎಕ್ಸಲೇಟರ್ ತುಳಿದೀನ್ರಿ. ಬ್ರೇಕು ಸರಿ ಐತೆ. ಅದನ್ನ ಮಾಡಿದವನ ಕೆಲಸ ಸರಿ ಐತೆ."

"ಇಷ್ಟು ವರ್ಷ ತಪ್ಪದ ಕಾಲು ಆವತ್ತು ಹೆಂಗೆ ತಪ್ಪಿತು?" ಸಾಹುಕಾರರು ಕೇಳಿದರು.

ನನ್ನ ನಾಲಿಗೆ ತುದಿಗೆ ಬಂದುಬಿಟ್ಟಿತ್ತು. ಅವನು ನನ್ನ ಕಡೆ ನೋಡಿದ. ನುಂಗಿಕೊಂಡೆ. ನನ್ನ ಜನ್ಮದಲ್ಲಿ ನಾನು ಬಾಯಿಗೆ ಬ್ರೇಕು ಹಾಕಿದ್ದು ಅದೊಂದೇ ಸಲ ಎಂದು ನನ್ನ ಹೆಂಡತಿಗೆ ಹೇಳಿದರೆ ನಂಬಲಿಲ್ಲ.

"ವಯಸ್ಸಾತ್ರಿ" ಅಂದ ಡ್ರೈವರ್.

ಕರ್ಪೂರ ತಾನೇ ಉರಿದು ಆರಿತು. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪಾಪ, ಮುದುಕನ ಕಾಲು ತಪ್ಪಿತಂತೆ ಎಂದು ಹಗುರಾದರು. ಹೊರಗೆ ಮೆಕ್ಯಾನಿಕ್ಕು ಸ್ನೇಹಿತನನ್ನು ಅಡಿಯಿಂದ ಮುಡಿವರೆಗೆ ನೋಡಿದ. ಅವನ ಕಣ್ಣು ಆ ಬರಿಗಾಲ ಹಿಮ್ಮಡಿಯ ಮೇಲೆ ನಿಂತಿತು. ಮದುವೆಮನೆಯಲ್ಲಿ ಆ ಬೂಟನ್ನು ಅವನೂ ನೋಡಿದ್ದನಲ್ಲ. "ನಡಿ, ಚಾ ಕುಡಿಯಾನ" ಎಂದು ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋದ.

ಲೈಸೆನ್ಸನ್ನು ಕೆಲವು ತಿಂಗಳು ತಡೆಹಿಡಿದರು. ಅಷ್ಟು ದಿನ ಡ್ರೈವರ್ ಆ ಗ್ಯಾರೇಜಿನಲ್ಲೇ ಸೀಮೆಎಣ್ಣೆಯಲ್ಲಿ ಸಾಮಾನು ತೊಳೆದುಕೊಂಡಿದ್ದ. ಆಮೇಲೆ ಸಾಹುಕಾರರು ಮತ್ತೆ ಕರೆಸಿಕೊಂಡರು. ಮಗಳು ಹಟ ಹಿಡಿದಳು ಎಂದು ಕೇಳಿದೆ.

ಮುಂದಿನ ವರ್ಷ ಹರಿಹರದ ರಸ್ತೆಯಲ್ಲಿ ಗಾಡಿಗಳನ್ನು ನಿಲ್ಲಿಸಿ ನೋಡುತ್ತಿದ್ದೆ. ಅದೇ ಕಾರು ಬಂತು. ನನ್ನಿಂದ ಮಾರು ದೂರದಲ್ಲಿ ಮೆತ್ತಗೆ ನಿಂತಿತು. ಹಿಂದಿನ ಸೀಟಿನಲ್ಲಿ ಆ ಹುಡುಗಿ, ತುಂಬಿದ ಬಸುರಿ, ಹೆರಿಗೆಗೆ ತವರಿಗೆ ಹೊರಟಿದ್ದಳು. ಕಿಟಕಿಯಲ್ಲಿ ಬಗ್ಗಿ ನೋಡುತ್ತೇನೆ, ಡ್ರೈವರನ ಕಾಲಲ್ಲಿ ಅದೇ ಕರೀ ಬೂಟು, ಪಾಲಿಶ್ ಹೊಡೆದು ಮಿರಮಿರ ಮಿಂಚುತ್ತಿದೆ!

ನನ್ನ ರಕ್ತ ಕುದಿಯಿತು. "ಇಳಿಯಯ್ಯಾ ಕೆಳಗೆ! ಬುದ್ಧಿ ಎಲ್ಲಿ ಇಟ್ಟಿದೀಯ? ಹೊಟ್ಟೇಲಿ ಕೂಸಿಟ್ಟುಕೊಂಡ ಹುಡುಗೀನ ಕೂರಿಸ್ಕೊಂಡು..."

ಅವನು ಇಳಿದ. ಅವಸರವಿಲ್ಲದೆ ನನ್ನನ್ನು ಬಾನೆಟ್ಟಿನ ಮುಂದಕ್ಕೆ, ಹುಡುಗಿಯ ಕಣ್ಣಿಗೆ ಕಾಲು ಕಾಣದ ಕಡೆಗೆ ಕರೆದುಕೊಂಡು ಹೋದ. ಬಾನೆಟ್ಟಿಗೆ ಕೈ ಊರಿಕೊಂಡು ಬಲಗಾಲು ಎತ್ತಿ ತೋರಿಸಿದ. ಬೂಟಿಗೆ ಅಟ್ಟೆಯೇ ಇರಲಿಲ್ಲ. ಹಿಮ್ಮಡಿಯೊಂದನ್ನು ಬಿಟ್ಟು ಉಳಿದದ್ದನ್ನು ಅಂಚಿನ ಗುಂಟ ಸುತ್ತಲೂ ಕತ್ತರಿಸಿ ತೆಗೆದಿತ್ತು. ಮೇಲೆ ಹೊಳೆಯುವ ಬೂಟು, ಕೆಳಗೆ ಅವನ ಧೂಳು ಹಿಡಿದ ಬರಿ ಅಂಗಾಲು.

"ಯಾರಯ್ಯಾ ಕತ್ತರಿಸಿದ್ದು?"

"ಇನ್ಯಾರ್ರೀ, ಗ್ಯಾರೇಜಿನ ದೋಸ್ತನೇ. ಟೈರು ಕೊಯ್ಯೋ ಚಾಕುವಿನಾಗೆ. ಕೊಯ್ಯೋವಾಗ ಇಡೀ ದಿನ ನನ್ನ ಬೈದಾನ್ರಿ."

"ಕಾಕಾ, ಏನಂತೆ ಸಾಹೇಬ್ರು?" ಹಿಂದಿನ ಸೀಟಿನಿಂದ ಹುಡುಗಿ ಕೇಳಿದಳು.

"ಏನಿಲ್ಲವ್ವಾ. ಬೂಟು ಚಂದ ಅದಾವೆ ಅಂತಾರೆ."

ನಾನು ಕಿಟಕಿಯ ಹತ್ತಿರ ಹೋದೆ. "ಹೌದು ತಾಯಿ" ಅಂದೆ, "ಬೂಟು ಬಹಳ ಚೆನ್ನಾಗಿವೆ. ಹೋಗಿ ಬನ್ನಿ."